ಹುಣಸೀ ಬರಲು

ಇದು ಹಸಿ ಹುಣಸೆಯದೇ ಸಪ್ಪಳ, ಒಣಗಿದ್ದಾದರೆ ಟಕ್ ಅನ್ನುತ್ತದೆ, ಲಕ್ಕಿಗಿಡದ್ದಾದರೆ ಸುಂಯ್ ಎಂದು ಮೈಗೆ ಸುತ್ತಿಕೊಳ್ಳುತ್ತದೆ, ಇದು ಛಟ್ ಎಂದು ಒಡೆದು ಆಮೇಲೆ ಒಂದು ಕ್ಷಣ ಗಾಳಿಯಲ್ಲೇ ನಿಲ್ಲುತ್ತದೆ — ಮುಚ್ಚಿದ ಬಾಗಿಲಿನ ಆಚೆ ಬಿದ್ದ ಏಟು ಈಚೆ ಕಟ್ಟೆಯ ಮೇಲೆ ಕುಳಿತ ಮಡಿವಾಳಪ್ಪನ ಹಲ್ಲಿಗೆ ಬಂದು ತಾಗಿತು. ತಾನೇ ಕಡಿದು ತಂದ ಬರಲು, ಹೊಡೆಯುವ ಹಸಿ ಛಡಿ. ನಿನ್ನೆ ಸಂಜೆ ಬದುವಿನ ಮೇಲಿನ ಹುಣಸೆಗಿಡ ಹತ್ತಿ, ಹೆಬ್ಬೆರಳು ದಪ್ಪದ್ದು ಬೇಡ, ಮುರಿಯುತ್ತದೆ, ಕಿರುಬೆರಳು ದಪ್ಪದ್ದು ಸಾಕು, ಬಾಗುತ್ತದೆ ಎಂದು ಆರಿಸಿ, ಕುಡಗೋಲಿನಿಂದ ಎಲೆ ಸವರಿ, ಗಂಟು ಕೆತ್ತಿ, ಮಗನ ಮೈಗೆ ಸಿಬರು ಹತ್ತಬಾರದೆಂದು ಎಣ್ಣೆ ಬೇರೆ ತಿಕ್ಕಿದ್ದ, ಸಿಬರು ಹತ್ತಬಾರದಂತೆ, ಹೆಂಡತಿ ಸಿದ್ದವ್ವ ಒಲೆಯ ಮುಂದಿನಿಂದಲೇ ನೋಡಿ ಕುರಿ ಕೊಯ್ಯಾಂವ ಕುರಿಗಿ ನೀರ ಕುಡಿಸಿದಂಗಾತು ಅಂದಿದ್ದಳು, ಅಷ್ಟೇ ಅಂದು ರೊಟ್ಟಿ ಬಡಿಯತೊಡಗಿದ್ದಳು. ಇಂಡಿಯ ಶ್ರೀಶೈಲಪ್ಪ ಮಾಸ್ತರರ ಕಡೆ ಮಗನನ್ನು ಕಲಿಯಲು ಬಿಡುವುದೆಂದರೆ ಕಾಯಿ, ಬೆಲ್ಲ, ಬರಲು ಮೂರನ್ನೂ ತಂದೆಯೇ ಒಯ್ಯಬೇಕು, ಅದು ಪದ್ಧತಿ, ಬರಲನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟು ಆ ಮಾತು ಆಡಬೇಕು — ಎಲುಬು ನಮ್ಮವು, ತೊಗಲು ನಿಮ್ದುರಿ ಮಾಸ್ತರ — ಆಡಿದ, ಹೋರಿ ಮಾರಿದವನು ಹಗ್ಗ ಕೈಗೆ ಕೊಟ್ಟಷ್ಟು ಸರಳವಾಗಿ ಆಡಿದ. ಮಾಸ್ತರರು ಬರಲನ್ನು ಗಾಳಿಯಲ್ಲೊಮ್ಮೆ ಬೀಸಿ ಚಲೋ ಐತಿ ಅಂದರು, ನೋಡಿದ್ದು ಬರಲನ್ನು, ಹುಡುಗನನ್ನಲ್ಲ, ಹನ್ನೆರಡರ ಹುಡುಗ ಪರಮಾನಂದ ಹೊಸಲು ದಾಟುವಾಗ ತಿರುಗಿ ನೋಡಿದ, ಬಾಗಿಲು ಮುಚ್ಚಿತು. ಛಟ್. ಮತ್ತೊಂದು.

ಎದ್ದು ಒಳಗೆ ನುಗ್ಗಲೆಂದು ಮೊಣಕಾಲು ತಾನಾಗಿಯೇ ಅರ್ಧ ಎದ್ದಿತು. ಕೂಡ್ರಿ ಅಣ್ಣಾರ, ಅಂದಳು ಕಟ್ಟೆಯ ಆ ತುದಿಯಲ್ಲಿ ಬುತ್ತಿಗಂಟು ತೊಡೆಯ ಮೇಲಿಟ್ಟುಕೊಂಡ ಹೆಂಗಸು, ಕಸ್ತೂರೆವ್ವ ಅಂತೆ ಹೆಸರು, ಗಂಡ ಸೊಲ್ಲಾಪುರದ ಗಿರಣಿಯಲ್ಲಂತೆ, ಮಗ ಗುರಣ್ಣ ಒಳಗಿದ್ದಾನೆ, ಅವನಿಗೆ ಮಧ್ಯಾಹ್ನದ ರೊಟ್ಟಿ ತಂದಿದ್ದಾಳೆ, ಇಷ್ಟನ್ನೂ ಅವನು ಕೇಳುವ ಮೊದಲೇ ಹೇಳಿ ಮುಗಿಸಿದ್ದಳು — ಕೂಡ್ರಿ, ಮೊದಲನೇ ದಿವ್ಸ ಹಿಂಗ ಇರತೈತಿ, ಹೊಸಾ ಹೋರಿ ನೊಗಕ್ಕ ಕುತ್ತಿಗಿ ಕೊಡೂತನಕಾ ಹೊಡೀಬೇಕಲ್ರಿ, ನಮ್ಮ ಗುರಣ್ಣಗೂ ಹೊಡದ್ರು, ನಾ ಇದ ಕಟ್ಟಿ ಮ್ಯಾಲ ಕುಂತು ಸೆರಗ ಬಾಯಾಗ ತುರುಕೊಂಡಿದ್ದೆ, ಈಗ ನೋಡ್ರಿ, ಮೈಮ್ಯಾಲ ಒಂದು ಬರಿ ಇಲ್ಲ, ಉಣ್ಣೂದು ಸೈತ ಬೆರಳ ತುದೀಲೆ ಉಣ್ತಾನ ದೊಡ್ಡ ಮಂದಿಗತೆ, ಸಾಲಿ ಕಲತ್ರ ಹಂಗ್ರಿ. ಅಳೂ ಸಪ್ಪಳ ಕೇಳವಲ್ದಲ್ಲ ತಂಗಿ, ಅಂದ ಮಡಿವಾಳಪ್ಪ. ಅಲ್ಲಿ ಅಳಾಂಗಿಲ್ರಿ, ಅತ್ರ ಇನ್ನ ನಾಕು ಬೀಳತಾವು. ಬಾಗಲಾ ಯಾಕ ಹಾಕ್ತಾರ? ತೆರದಿಟ್ರ ನಾವು ಒಳಗ ಹೋಗತೇವಲ್ರಿ, ಅಂದು ನಕ್ಕಳು, ಆ ನಗು ಅವನಿಗೆ ಸೇರಲಿಲ್ಲ, ಬೇರೆಯವರ ಹೊಲದಲ್ಲಿ ದನ ಬಿದ್ದಾಗ ಬದುವಿನ ಮೇಲೆ ನಿಂತವರು ನಗುವ ನಗು, ತನ್ನ ಮಗನ ಸರದಿ ಮುಗಿದವಳ ನಗು, ಛಟ್ — ಎಲ್ಲಿ ಬಿತ್ತು, ಬೆನ್ನಿಗೋ, ಮೀನಖಂಡಕ್ಕೋ, ಎತ್ತಿಗಾದರೆ ಅವನು ಕಣ್ಣು ಮುಚ್ಚಿಕೊಂಡೂ ಹೇಳಬಲ್ಲ, ಬೆನ್ನಿನ ಏಟು ಬೇರೆ, ಪಕ್ಕೆಯ ಏಟು ಬೇರೆ, ಮನುಷ್ಯರ ಮೈಯ ಸಪ್ಪಳ ಅವನಿಗೆ ಗೊತ್ತಿಲ್ಲ, ತನ್ನ ಮೈಯದೊಂದನ್ನು ಬಿಟ್ಟು.

ಬೇಡ, ಅದು ಈಗ ಬೇಡ. ಫಕೀರಸಾಬನೇ ಹೇಳಿದ್ದು ಇಲ್ಲಿ ಹಾಕೆಂದು. ಯಾವ ಊರಿನ ಸಾಲಿ ಹೇಗಿದೆ ಎಂದು ತಿಳಿಯಬೇಕಾದರೆ ತನ್ನೂರು ಅಗರಖೇಡದವರು ಎತ್ತಿಗೆ ನಾಲ ಬಡಿಯುವ ಫಕೀರಸಾಬನನ್ನೇ ಕೇಳುತ್ತಾರೆ, ಯಾಕೆಂದರೆ ಅವನು ಸಂತೆಯಿಂದ ಸಂತೆಗೆ ತಿರುಗುವವನು, ನಾಲ್ಕೂ ತಾಲೂಕಿನ ಎತ್ತಿನ ಗೊರಸೂ ಮಾಸ್ತರರ ಕೈಯೂ ಅವನಿಗೆ ಗೊತ್ತು. ಬೇವಿನ ಗಿಡದ ಕೆಳಗೆ ಮಡಿವಾಳಪ್ಪನ ಬಿಳಿ ಎತ್ತಿಗೆ ಹಗ್ಗ ಬೀಸಿ, ಜಗ್ಗಿ, ಧಡಲ್ಲನೆ ಕೆಡವಿ, ನಾಲ್ಕೂ ಕಾಲು ಕೂಡಿಸಿ ಬಿಗಿದು, ಮೊಳೆ ತುಟಿಯಲ್ಲಿ ಕಚ್ಚಿಕೊಂಡೇ ಮಾತಾಡಿದ — ಸಿಂದಗ್ಯಾಗ ಒಬ್ಬಾಂವ ಅದಾನಪಾ, ಬೆರಳ ಸಂದ್ಯಾಗ ಪಾಟೀಕಡ್ಡಿ ಇಟ್ಟು ಹಿಂಡತಾನ, ಅಕ್ಷರ ಮುತ್ತಿನಂಗ ಬೀಳತಾವು, ಬಾಗೇವಾಡ್ಯಾಗಿನಾಂವ ಬರೇ ಕಿವಿ ಹಿಂಡತಾನ, ಅವನ ಹುಡುಗರಿಗಿ ಲೆಕ್ಕಾ ಬರಾಂಗಿಲ್ಲ, ಮುದ್ದೇಬಿಹಾಳದಾಗ ಬೋರ್ಡಿಂಗಿಗಿ ಇಡ್ತಿ ಏನು, ಅಲ್ಲಿ ಮಾಸ್ತರ ಹೊಡಿಯೂದಿಲ್ಲ, ದೊಡ್ಡ ಹುಡುಗರು ಹೊಡೀತಾರ, ಆ ಹೊಡತದಾಗ ಇದ್ಯಾ ಏನ ಹತ್ತೀತು, ಇಂಡಿ ಶ್ರೀಶೈಲಪ್ಪ ಮಾಸ್ತರ ಅಂದ್ರ — ಮೊಳೆಯನ್ನು ಗೊರಸಿಗೆ ಇಟ್ಟು ಸುತ್ತಿಗೆ ಎತ್ತಿದ — ಸರಕಾರದ ಚಾಕರಿ ಮುಗಿಸಿ ಮನ್ಯಾಗ ಶಿಕವಣಿ ಹೇಳ್ತಾನ, ಅವನ ಕೈಯಾಗ ಕಲತು ಏಳನೇ ಕ್ಲಾಸಿನ ಮುಲ್ಕಿ ಪರೀಕ್ಷಾಕ ಕುಂತಾವು ಒಂದೂ ನಾಪಾಸ ಆಗಿಲ್ಲ, ಒಬ್ಬಾಂವ ಜಮೀನ ಲೆಕ್ಕಾ ಬರಿಯೂ ತಲಾಠಿ ಆಗ್ಯಾನ ನೋಡು. ಮತ್ತ ನಮ್ಮೂರಾಂವ? ಎಂದು ಮಡಿವಾಳಪ್ಪ ಅಂದದ್ದಕ್ಕೆ ಗಿಡದ ಕೆಳಗೆ ಕೂತವರೆಲ್ಲ ನಕ್ಕರು. ಊರ ಸಾಲಿಯ ಹರೆಯದ ಮಾಸ್ತರ ಹೊಡೆಯುವುದಿಲ್ಲ, ತರಬೇತಿಯಲ್ಲಿ ಹಾಗೆ ಕಲಿಸಿದ್ದಾರಂತೆ, ಹರಳು ಹರವಿ ಲೆಕ್ಕದ ಆಟ ಆಡಿಸುತ್ತಾನೆ, ಮುಂಬೈ ಸರಕಾರ ಹೋಗಿ ಮೈಸೂರು ಸರಕಾರ ಬಂತು, ಪುಸ್ತಕವೆಲ್ಲ ಬದಲಾದವು, ನಮ್ಮ ಹುಡುಗರ ಗತಿ ಏನು ಎಂದು ಕೇಳಿದರೆ ನಾನೂ ಅವರ ಜೋಡಿ ಹೊಸದಾಗಿ ಕಲೀತೇನ್ರಿ ಅನ್ನುತ್ತಾನೆ, ಹುಡುಗರು ಅವನ ಹೆಗಲು ಹತ್ತುತ್ತಾರೆ. ಅದು ಸಾಲಿ ಅಲ್ಲೋ ಮಾರಾಯಾ, ತೊಟ್ಟಲ, ಅಂದ ಫಕೀರಸಾಬ, ನಾಲ ಇಲ್ಲದ ಎತ್ತು ದಾರಿ ತುಳಿಯೂದಿಲ್ಲ, ದಾರೀನ ಎತ್ತಿನ ಗೊರಸು ತಿಂತೈತಿ. ಎತ್ತಿನ ನಾಲಿಗೆ ಮಣ್ಣಿನ ಮೇಲೆ ಬಿದ್ದಿತ್ತು, ಕಣ್ಣಿನ ಬಿಳಿ ಮೇಲೆ ಬಂದಿತ್ತು, ಮೂಗಿನಿಂದ ನೊರೆ, ಏಳು ಏಳು ಎಂದು ಹಗ್ಗ ಬಿಚ್ಚಿದರೂ ಎಷ್ಟೋ ಹೊತ್ತು ಏಳಲಿಲ್ಲ, ಕಟ್ಟಿಯೇ ಇದ್ದಾರೆ ಎಂದುಕೊಂಡು ಬಿದ್ದುಕೊಂಡಿತ್ತು.

ಛಟ್, ಛಟ್ — ಎರಡು ಕೂಡಿ ಬಂದವು, ಕಸ್ತೂರೆವ್ವ ಬುತ್ತಿಗಂಟಿನ ಮೇಲೆ ಕೂತ ನೊಣ ಹೊಡೆದಳು, ಮಡಿವಾಳಪ್ಪನ ಕೈ ಪಕ್ಕದಲ್ಲಿಟ್ಟ ಬಾರಕೋಲನ್ನು ಹುಡುಕಿತು, ಚರ್ಮದ ಮಿಣಿ ಬೆರಳಿಗೆ ಸುತ್ತಿಕೊಂಡಿತು. ಬಂತು, ಬೇಡವೆಂದರೂ ಬಂದೇ ಬಂತು, ಹೋದ ವರ್ಷದ್ದು, ಇಂಡಿ ರೋಡ ಠೇಸನ್ನು, ಸೊಲ್ಲಾಪುರಕ್ಕೆ ಹೋಗುವ ಗಾಡಿ ಹೊರಡುವುದರಲ್ಲಿದೆ, ಮಗನ ಕೈ ಹಿಡಿದು ಓಡಿ ಎದುರಿಗೆ ಬಂದ ಡಬ್ಬಿ ಹತ್ತಿದ, ಒಳಗೆ ಹೆಂಗಸರೇ ಹೆಂಗಸರು, ಕಿರುಚಿದರು, ಅವನಿಗೆ ಯಾಕೆಂದು ತಿಳಿಯುವ ಮೊದಲೇ ಪೊಲೀಸಪ್ಪ ಹಿಂದಿನಿಂದ ಧೋತರದ ಕಚ್ಚೆ ಹಿಡಿದು ಜಗ್ಗಿದ, ಫಲಾಟಿನ ಕಲ್ಲುಹಾಸಿಗೆ ಬೆನ್ನು ಬಡಿಯಿತು, ರುಮಾಲು ಹಳಿಯ ಮೇಲೆ ಬಿತ್ತು, ಬೋರ್ಡು ಕಾಣಾಂಗಿಲ್ಲೇನೋ ಕತ್ತೀ ಮಗನ, ಹೆಂಗಸರ ಡಬ್ಬಿ ಹೊಗತಿ, ಎಂದು ಒದ್ದ, ಹೊಟ್ಟೆಗೆ, ಮತ್ತೆ ಬಡಿಗೆಯಿಂದ ಮೊಣಕಾಲಿನ ಗಿಣ್ಣಿಗೆ, ಕಾಣಾಂಗಿಲ್ಲ ಅನ್ನಲಿಲ್ಲ ಮಡಿವಾಳಪ್ಪ, ಕಾಣುತ್ತಿತ್ತು, ಬಿಳಿ ಹಲಗೆಯ ಮೇಲೆ ಕರಿ ಇರುವೆ ಹರಿದಂತೆ ಕಾಣುತ್ತಿತ್ತು. ಪರಮಾನಂದ ಹಲಗೆಯ ಕೆಳಗೆ ನಿಂತು ಓದುತ್ತಿದ್ದ, ಅಳುತ್ತ, ಬೆರಳು ಮಾಡಿ, ಹೆ — ಹೆಂ — ಗ — ಅಕ್ಷರಕ್ಕೆ ಅಕ್ಷರ ಕೂಡಿಸಿ, ಅವನು ಹೆಂಗಸರಿಗೆ ಎಂದು ಓದಿ ಮುಗಿಸುವುದರೊಳಗೆ ತಂದೆಗೆ ಬೀಳುವ ಏಟು ಬಿದ್ದು ಮುಗಿದಿತ್ತು, ಗಾಡಿ ಹೋಗಿತ್ತು, ಅಪ್ಪಾ ಹೆಂಗಸರಿಗೆ ಅಂತ ಬರದಾರ ಎಂದು ಹೇಳಿದ, ಹೇಳಿದ್ದಕ್ಕೆ ಮಗನ ಕೆನ್ನೆಗೆ ಹೊಡೆಯಬೇಕೆನ್ನಿಸಿತು, ಹೊಡೆಯಲಿಲ್ಲ. ಅವತ್ತೇ ನಿಶ್ಚಯಿಸಿದ್ದು. ಮೆಲ್ಲಗೆ ಕಲಿತ ಅಕ್ಷರ ಹೊತ್ತಿಗೆ ಒದಗುವುದಿಲ್ಲ. ಓದಲು ಬಾರದವನು ಜನ್ಮಪೂರ್ತಿ ಎಲ್ಲರ ಕೈಯಲ್ಲೂ ಹೊಡೆಸಿಕೊಳ್ಳುತ್ತಾನೆ, ಪೊಲೀಸನ ಕೈಯಲ್ಲಿ, ತಲಾಠಿಯ ಕೈಯಲ್ಲಿ, ದಲಾಲಿಯ ಕೈಯಲ್ಲಿ, ಅದಕ್ಕಿಂತ ಒಬ್ಬನ ಕೈಯಲ್ಲಿ ಈಗ ಹೊಡೆಸಿಕೊಂಡು ಮುಗಿಸಲಿ, ಮುಂದೆ ಇವನ ಮೈ ಮುಟ್ಟುವ ಧೈರ್ಯ ಯಾರಿಗೂ ಆಗಬಾರದು, ಮುಗಿಸಲಿ, ಛಟ್, ಸಿದ್ದವ್ವನಿಗೆ ಹೇಳಿದ್ದ ಇದನ್ನು, ಸಿದ್ದವ್ವ ಮಗನ ಬೆನ್ನಿಗೆ ಎಣ್ಣೆ ಹಚ್ಚುತ್ತ, ಹೊಡತಕ್ಕ ಮುಗಿಯೂದು ಗೊತ್ತೈತೇನ್ರಿ, ಅಂದಿದ್ದಳು.

ಎಷ್ಟು ಹೊತ್ತಾಯಿತು, ನೆರಳು ಕಟ್ಟೆಯಿಂದ ಸರಿದು ಬಾಗಿಲಿಗೆ ಬಂದಿದೆ, ಈಗ ಏಟಿನ ತಾಳ ತಪ್ಪುತ್ತಿದೆ, ಒಂದು ಬಿಗಿಯಾಗಿ ಬಿದ್ದರೆ ಮುಂದಿನದು ಜಾರುತ್ತದೆ, ಮುದುಕನ ತೋಳು ಸೋತಿದೆ, ಸೋತರೂ ಬಿಡುತ್ತಿಲ್ಲ, ಇವನೇನು ಮನುಷ್ಯನೋ, ಕೊಲ್ಲುತ್ತಾನೋ ಏನೋ, ನನ್ನ ಹುಡುಗನನ್ನು — ಆ ತೋಳನ್ನು ಹಿಡಿದು ತಿರುವಿದರೆ ಒಣ ತೊಗರಿಕಟ್ಟಿಗೆಯಂತೆ ಮುರಿಯುತ್ತದೆ, ಮುರಿಯಬೇಕು, ಹೆಗಲಿನ ಮಟ್ಟಕ್ಕೆ, ಹಲ್ಲು ಕಟ್ಟೆಯ ಕಲ್ಲಿಗೆ ಹಚ್ಚಿ ಹಿಂದಿನಿಂದ ತುಳಿಯಬೇಕು, ಜುಟ್ಟು ಹಿಡಿದು ಭೀಮಾ ಹೊಳೆಯ ಮಡುವಿಗೆ ಎಳೆದೊಯ್ದು ಗುಳ್ಳೆ ನಿಲ್ಲುವ ತನಕ ಅದುಮಿ ಹಿಡಿಯಬೇಕು, ಪೊಲೀಸಪ್ಪನನ್ನು ಹಿಡಿಯಬೇಕಾಗಿದ್ದಂತೆ, ಅವತ್ತು ಕೈ ಎತ್ತಲಿಲ್ಲ, ಎರಡೂ ಕೈ ಜೋಡಿಸಿ ತಪ್ಪಾತ್ರಿ ಸಾಹೇಬ್ರ ಅಂದ, ಮಗನ ಎದುರಿಗೆ ಅಂದ, ಇವತ್ತು ಬಾರಕೋಲಿದೆ, ಬಾರಕೋಲಿನ ತುದಿಗೆ ಮೊಳೆ ಇದೆ. ಅಣ್ಣಾರ ಎಲ್ಲಿ ಹೊಂಟ್ರಿ, ಮಾಸ್ತರು ಸಿಟ್ಟಾಗ್ತಾರ, ನಿಮ್ಮ ಮಗನ್ನ ಹೊರಗ ಹಾಕ್ತಾರ, ಹಂಗ ಮಾಡಬ್ಯಾಡ್ರಿ, ಕಸ್ತೂರೆವ್ವ ಅವನ ಹಿಂದೆಯೇ ಎದ್ದು ಬಂದಳು, ನಿಮ್ಮ ಹುಡುಗನ ಚಲೋದಕ್ಕ ರೀ, ಅವನು ಕೇಳಲಿಲ್ಲ, ಬಾಗಿಲಿಗೆ ಅಗಳಿ ಹಾಕಿರಲಿಲ್ಲ, ಮುಂದಕ್ಕೆಳೆದು ಮುಚ್ಚಿದ್ದರು ಅಷ್ಟೇ, ಭುಜ ಕೊಟ್ಟ ಹೊಡೆತಕ್ಕೆ ಗೋಡೆಗೆ ಬಡಿದು ತೆರೆಯಿತು.

ಪಡಸಾಲೆಯ ಆ ಮೂಲೆಯಲ್ಲಿ ಮಾಸ್ತರರು ಚಾಪೆಯ ಮೇಲೆ ಗೋಡೆಗೆ ಆತು ಕುಳಿತಿದ್ದಾರೆ, ಎರಡೂ ಕೈ ಮಡಿಲಲ್ಲಿ ತಣ್ಣಗಿವೆ, ಹುಡುಗರು ಸಾಲಾಗಿ ಕುಳಿತಿದ್ದಾರೆ, ನಡುವೆ ನಿಂತವನು ಪರಮಾನಂದ. ಬರಲು ಪರಮಾನಂದನ ಕೈಯಲ್ಲಿದೆ. ಅವನ ಎದುರಿಗೆ ಅವನಿಗಿಂತ ಗೇಣು ಗಿಡ್ಡ ಹುಡುಗ, ಬಲಗೈ ಚಾಚಿ ನಿಂತಿದ್ದಾನೆ, ಅಂಗೈ ಮೇಲೆ ಮಾಡಿ, ಬೆರಳು ಬಿಚ್ಚಿ. ಬರ್ರಿ ಮಡಿವಾಳಪ್ಪ, ಅಂದರು ಮಾಸ್ತರರು, ಸಿಟ್ಟಾಗಲಿಲ್ಲ, ನಮ್ಮದು ಹಳೇ ಪದ್ಧತಿ ನೋಡ್ರಿ, ಉತ್ತರ ಹೇಳಿದಾಂವ ಹೊಡೀತಾನ, ಹೇಳಲಾರದಾಂವ ತಿಂತಾನ, ನಾ ಕೈ ಎತ್ತಾಂಗಿಲ್ಲ, ನಿಮ್ಮ ಹುಡುಗ ಬಂದ ತಾಸಿನಾಗ ಎಲ್ಲಾರನೂ ಸೋಲಿಸ್ಯಾನ, ಮುಕ್ಕಾಲ ಮಗ್ಗಿ ನೀರ ಕುಡದಂಗ ಹೇಳ್ತಾನ, ಎಲ್ಲಿ ಕಲ್ತಾನ ಇದನ್ನ? ಊರ ಸಾಲ್ಯಾಗ್ರಿ, ಹರಳಿನ ಆಟದಾಗ, ಅಂದವನು ಪರಮಾನಂದನೇ, ಏದುಸಿರು ಬಿಡುತ್ತ, ಹಣೆಯ ಬೆವರು ಮೂಗಿನ ತುದಿಗೆ ಬಂದಿತ್ತು, ತಂದೆಯ ಕಡೆ ನೋಡಿ ನಕ್ಕ, ಅಂಥ ನಗುವನ್ನು ಮಗನ ಮುಖದ ಮೇಲೆ ಅವನು ಎಂದೂ ಕಂಡಿರಲಿಲ್ಲ, ಎದೆ ಒಮ್ಮೆಲೇ ಉಬ್ಬಿತು, ಮೈಯೊಳಗಿನ ಬಿಸಿಯೆಲ್ಲ ಇಳಿಯಿತು, ನನ್ನ ಮಗನಿಗೆ ಬಿದ್ದಿಲ್ಲ, ಒಂದೂ ಬಿದ್ದಿಲ್ಲ, ಗೆದ್ದಿದ್ದಾನೆ, ಸಿದ್ದವ್ವನಿಗೆ ಹೇಳಬೇಕು, ಬೇವಿನ ಗಿಡದ ಕೆಳಗೆ ಹೇಳಬೇಕು — ಚಾಚಿದ ಕೈ ಹಾಗೇ ಇತ್ತು. ಅಂಗೈ ನಡುವೆ ಹೊಸ ಗೆರೆಗಳು ಕೆಂಪಗೆ ಉಬ್ಬಿವೆ, ಅವುಗಳ ಕೆಳಗೆ ಹಳೆಯವು, ಕಪ್ಪಾಗಿ, ಹಕ್ಕಳೆ ಕಟ್ಟಿ. ಹಿಂದಿನಿಂದ ಕಸ್ತೂರೆವ್ವನ ಉಸಿರು ಅವನ ಹೆಗಲಿಗೆ ತಾಗಿತು, ಅವಳೂ ನೋಡಿದಳು, ಆಗ ತಿಳಿಯಿತು ಆ ಗಿಡ್ಡ ಹುಡುಗ ಯಾರೆಂದು, ಗುರಣ್ಣ ತಾಯಿಯನ್ನು ಕಂಡೂ ಅಳಲಿಲ್ಲ, ಕೈ ಹಿಂದಕ್ಕೆ ತೆಗೆಯಲೂ ಇಲ್ಲ. ಅವಳು ಬೈಯುತ್ತಾಳೆ, ಬಾಯಿ ಬಡಿದುಕೊಳ್ಳುತ್ತಾಳೆ ಎಂದುಕೊಂಡ, ಅವಳು ಬುತ್ತಿಗಂಟನ್ನು ಹೊಸಲಿನ ಒಳಗಿಟ್ಟು, ಸೆರಗು ತಲೆಗೆ ಎಳೆದುಕೊಂಡು, ನಿಮ್ಮ ಹುಡುಗನ ರಟ್ಟಿ ನೋಯಾಕತ್ತಿರತೈತ್ರಿ ಅಣ್ಣಾರ, ಒಂದೀಟ ಕೂಡಸ್ರಿ, ಅಂದಳು, ಅಷ್ಟೇ, ಮೆಲ್ಲಗೆ, ನೀರು ಬೇಕೇನೆಂದು ಕೇಳಿದ ಹಾಗೆ. ನಾಳಿಂದ ದಿನಾ ಕಳಸ್ತೀರಲ್ಲ, ಇಂಥಾ ಹುಡುಗರು ನನಗ ಬೇಕು, ಅನ್ನುತ್ತಿದ್ದಾರೆ ಮಾಸ್ತರರು, ಇಲ್ಲ ಅನ್ನಬೇಕು, ಇಲ್ಲವೆಂದರೆ ಮತ್ತೆ ಠೇಸನ್ನು, ಮತ್ತೆ ಬೋರ್ಡು, ಹೌದೆಂದರೆ ದಿನಾಲೂ ಈ ಹುಡುಗನ ಕೈ, ಇವನದಲ್ಲದಿದ್ದರೆ ಇನ್ನೊಬ್ಬನದು, ಯಾವನದೋ ಒಂದು, ತಮ್ಮಾ ಕೈ ಇಳಸೋ ಅನ್ನಬೇಕು, ಅದೊಂದನ್ನಾದರೂ, ಮೂರೇ ಮಾತು, ಕಳಸ್ತೇನ್ರಿ, ಅಂದದ್ದು ತನ್ನದೇ ಬಾಯಿ. ಪರಮಾನಂದ ಬರಲನ್ನು ಇನ್ನಷ್ಟು ಬಿಗಿಯಾಗಿ ಹಿಡಿದ. ಮಾಸ್ತರರು ಮುಂದಿನ ಲೆಕ್ಕ ಕೇಳಿದರು, ಮುಕ್ಕಾಲ ಹದಿನಾರಕ ಎಷ್ಟೋ, ಸಾಲಿನಲ್ಲಿ ಯಾರೋ ಗುಣುಗುಟ್ಟಿದರು, ಕಸ್ತೂರೆವ್ವ ಕಟ್ಟೆ ಇಳಿದು ಹೋದ ಸಪ್ಪಳ, ಬಿಸಿಲು ಹೊಸಲು ದಾಟಿ ಒಳಗೆ ಬಂದಿತ್ತು, ಇಳಿಸೆಂದು ಯಾರೂ ಹೇಳಿರಲಿಲ್ಲ, ಕೈ ಹಾಗೇ ಇತ್ತು, ಅಂಗೈ ಮೇಲೆ ಮಾಡಿ, ಬೆರಳು ಬಿಚ್ಚಿ, ಕೈ —