ಹಸನು, ಸಾಫು ಮತ್ತು ಮೀಸೆ

ಐವತ್ತೆಂಟನೇ ಇಸವಿಯ ಮಾತು. ದಾವಣಗೆರೆಯ ಕನ್ನಡ ಪಂಡಿತ ಹಾಲೇಶಪ್ಪನವರಿಗೆ ಇದ್ದದ್ದು ಎರಡೇ ಹೆಮ್ಮೆ: ಒಂದು ಮೀಸೆ, ಇನ್ನೊಂದು ಅಚ್ಚಿಗೆ ಕೊಟ್ಟಿದ್ದ 'ಕನ್ನಡ ಹಸನು'. ನಮ್ಮ ಮಾತಿಗೆ ಮೆತ್ತಿಕೊಂಡ ಅರಬ್ಬಿ, ಪಾರ್ಸಿಯನ್ನೆಲ್ಲ ಗುಡಿಸಿ ಹಾಕುವ ಪುಸ್ತಕವಂತೆ ಅದು. "ಅದರಾಗೆ ಅಂಥದ್ದು ಒಂದು ಪದ ತೋರಿಸ್ರಿ, ಮೀಸೆ ಬೋಳಿಸ್ತೀನಿ" ಎಂದು ತುಂಬಿದ ಸಭೆಯಲ್ಲಿ ಪಣ ತೊಟ್ಟಿದ್ದರು. ಇವರನ್ನು ಕೇಳಿದವರಾದರೂ ಯಾರು, ಮಹಾರಾಯರನ್ನು?

ಬಿಡುಗಡೆಯ ದಿನ ಬೆಳಿಗ್ಗೆ ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುವ ಖಾಜಾ ಹುಸೇನ್, ಅವರ ಹಳೇ ಶಿಷ್ಯ, ಮುಖಪುಟದ ಮೇಲೆ ಬೆರಳಿಟ್ಟ.

"ಸಾರ್, ಈ ಹಸನು ನಮ್ಮ ಅರಬ್ಬಿ ಹಸನ್ ಅಲ್ಲೇನ್ರಿ? ಚೆಂದ ಅಂತ ಅರ್ಥ. ನಮ್ಮ ಚಿಕ್ಕಪ್ಪನ ಹೆಸರೂ ಅದೇ ಐತ್ರಿ."

ಮನೆಮನೆಯಲ್ಲೂ ಹೆಂಗಸರು ದಿನಾ ಜೋಳ ಹಸನು ಮಾಡುತ್ತಾರೆ. ಆ ಮಾತಿನ ಅಪ್ಪ ಯಾರೆಂದು ಪಂಡಿತರು ವಿಚಾರಿಸಿರಲೇ ಇಲ್ಲ. ಕೈ ತಾನಾಗಿ ಮೀಸೆಗೆ ಹೋಯಿತು. ಸಿಕ್ಕ ರೈಲು ಹತ್ತಿ ಹರಿಹರದಲ್ಲಿದ್ದ ಗುರುಗಳ ಮನೆಗೆ ಓಡಿದರು.

ಗುರುಗಳು ನಕ್ಕರು. "ಯಾಕ ಹೆದರ್ತೀಯ? ಪ್ರಸನ್ನ, ಪಸನ್ನ, ಹಸನ. ಹಳೇ ಪಾಲು ಹಾಲು ಆದಂಗೆ, ಹಾಲೇಶಪ್ಪ."

ಹೋದ ಜೀವ ಬಂದಂತಾಯಿತು. ಉಳಿದ ಮೀಸೆಯನ್ನು ಸಭೆಗೆ ತಕ್ಕಂತೆ ತಿದ್ದಿಸೋಣವೆಂದು ಸ್ಟೇಷನ್ ಹತ್ತಿರದ ಗುತ್ತೆಪ್ಪನ ಕ್ಷೌರದಂಗಡಿಯಲ್ಲಿ ಕಣ್ಣು ಮುಚ್ಚಿ ಕೂತರು.

"ಮೀಸೆ ಹಸನ ಮಾಡ್ಲೇನ್ರಿ, ಸಾಫ್ ಮಾಡ್ಲೇನ್ರಿ?" ಎಂದ ಗುತ್ತೆಪ್ಪ.

ಪಂಡಿತರಿಗೆ ಪಾಠ ಹೇಳಲು ಅಷ್ಟು ಸಾಕಾಗಿತ್ತು. "ಸಾಫ್..." ಎಂದು ಶುರು ಮಾಡಿ, ಗಂಟಲು ಸರಿಮಾಡಿಕೊಂಡು, "ಅನ್ನೋದು ಅರಬ್ಬಿ ಮಾತು" ಎನ್ನುವಷ್ಟರಲ್ಲಿ ಎಡಗಡೆಯ ಮೀಸೆ ಮಡಿಲಲ್ಲಿ ಬಿದ್ದಿತ್ತು.

"ನೀವೇ ಸಾಫ್ ಅಂದ್ರಲ್ರಿ" ಎಂದ ಗುತ್ತೆಪ್ಪ, ಕತ್ತಿ ಹಿಡಿದೇ.

ಅರ್ಧ ಮೀಸೆ ಹೊತ್ತು ಸಭೆಗೆ ಹೋಗಲಾದೀತೇ? ಅಳು ನುಂಗಿಕೊಂಡು ಬಲಗಡೆಯದನ್ನೂ ತೆಗೆಸಿದರು.

ಸಂಜೆ ದಾವಣಗೆರೆಯಲ್ಲಿ ಅವರು ವೇದಿಕೆ ಹತ್ತಿದರು. ಹಸನು ಪ್ರಸನ್ನದಿಂದಲೇ ಬಂದದ್ದೆಂದು ಅರ್ಧ ಗಂಟೆ ಬಿಡಿಸಿ ಬಿಡಿಸಿ ಹೇಳಿದರು. ಎಲ್ಲರ ಕಣ್ಣೂ ಅವರ ಮೂಗಿನ ಕೆಳಗೇ ಇದ್ದವು. ಹಿಂದಿನ ಸಾಲಿನಲ್ಲಿ ಖಾಜಾ ಹುಸೇನ್ ತಲೆ ತಗ್ಗಿಸಿ ಕೂತಿದ್ದ.

ಭಾಷಣ ಮುಗಿದ ಮೇಲೆ, ಪಣ ತೊಟ್ಟ ದಿನವೂ ಸಭೆಯಲ್ಲಿದ್ದ ಗಿಡ್ಡಪ್ಪ ಮೇಷ್ಟ್ರು ಎದ್ದು ಬಂದು, ಮರುಕದಿಂದ ಪಂಡಿತರ ಕೈ ಹಿಡಿದುಕೊಂಡರು.

"ಅದಿರಲಿ ಪಂಡಿತ್ರೆ, ಸಿಕ್ಕಿದ ಪದ ಯಾವುದ್ರಿ?"