ಈರಯ್ಯನ ಲೈಸೆನ್ಸು

ಬಾಗಿಲು ಬಡಿದ ಸದ್ದಿನಿಂದಲೇ ಬಂದವನು ರಾಯಪ್ಪನೆಂದು ಈರಯ್ಯನಿಗೆ ತಿಳಿಯಿತು. ಆದರೆ ಅವನು ಬರುವುದು ತಿಂಗಳ ಮೊದಲ ಸೋಮವಾರ. ಇವತ್ತು ಗುರುವಾರ, ತಿಂಗಳು ಅರ್ಧ ಕಳೆದಿತ್ತು.

“ಡೇರೆಗೆ ಬೆಂಕಿ ಗಿಂಕಿ ಹತ್ತಿತೇನೋ ರಾಯಾ?”

“ಇಲ್ರಿ ಉಸ್ತಾದ್ರ, ಎಲ್ಲಾ ಆರಾಮ ಐತಿ.” ರಾಯಪ್ಪ ಚಪ್ಪಲಿ ಹೊರಗೆ ಬಿಟ್ಟು ಬಂದು ಗೋಡೆಗೆ ಒರಗಿ ಕೂತ.

ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ಅದೊಂದು ಖೋಲಿ. ಹೆಂಡತಿ ಮುರಿಗೆವ್ವ ತೀರಿಕೊಂಡ ಮೇಲೆ ಆ ಬಾಗಿಲು ದಾಟಿ ಒಳಗೆ ಬರುವ ಮನುಷ್ಯನೆಂದರೆ ರಾಯಪ್ಪ ಒಬ್ಬನೇ. ಪಕ್ಕದ ಮನೆಯ ಹಾಜಿರಾಬಿ ನಳಕ್ಕೆ ನೀರು ಬಂದಾಗ ಹೊರಗಿಂದಲೇ ಕೂಗುತ್ತಿದ್ದಳು, ಅಷ್ಟೇ.

ಶಂಕರೆಪ್ಪ ಸಾಹುಕಾರರ ಟೂರಿಂಗ್ ಟಾಕೀಜಿನಲ್ಲಿ ಈರಯ್ಯ ಇಪ್ಪತ್ತು ವರ್ಷ ಆಪರೇಟರ್ ಆಗಿದ್ದ. ಡೇರೆ ಟಿಕೋಟದಿಂದ ಬಬಲೇಶ್ವರಕ್ಕೆ, ಬಬಲೇಶ್ವರದಿಂದ ಇನ್ನೊಂದು ಊರಿಗೆ ಹೋದಲ್ಲೆಲ್ಲ ಸಿನಿಮಾ ತೋರಿಸುವ ಮಷೀನಿನ ಹಿಂದೆ ಅವನೇ. ಅದರೊಳಗಿನ ಕಾರ್ಬನ್ ಕಡ್ಡಿಯ ಉರಿಯುವ ಬೆಳಕು ನೋಡಿ ನೋಡಿ ಕಣ್ಣು ಮಂಜಾದವು. ಕೊನೆಗೆ ಸಿನಿಮಾ ಪರದೆಯ ಮೇಲೆ ಸ್ಪಷ್ಟವಾಗಿ ಬಿದ್ದಿದೆಯೋ ಇಲ್ಲವೋ ಎಂದು ಸಹಾಯಕ ರಾಯಪ್ಪನನ್ನೇ ಕೇಳುವ ಹಾಗಾಯಿತು. ಅಂದು ಅವನು ಕೆಲಸ ಬಿಟ್ಟ. ಲೈಸೆನ್ಸು ಮಾತ್ರ ಡೇರೆಯ ಮಷೀನ್ ಕ್ಯಾಬಿನ್ನಿನಲ್ಲೇ ಉಳಿಯಿತು. ಸರಕಾರದ ಕಾಯ್ದೆ ಆಪರೇಟರಿಗೆ ಮ್ಯಾಟ್ರಿಕ್ ಆಗಿರಬೇಕು ಎನ್ನುತ್ತಿತ್ತು, ರಾಯಪ್ಪ ಓದಿದ್ದು ಮೂರನೇ ಇಯತ್ತೆ. ಹೀಗಾಗಿ ಮಷೀನು ರಾಯಪ್ಪನ ಕೈಯಲ್ಲಿ, ಹೆಸರು ಈರಯ್ಯನದು. ಆ ಹೆಸರಿನ ಸಲುವಾಗಿ ಸಾಹುಕಾರರು ಕಳಿಸುವ ರೊಕ್ಕದ ಪಾಕೀಟು ಹಿಡಿದು ರಾಯಪ್ಪ ತಿಂಗಳಿಗೊಮ್ಮೆ ಬರುತ್ತಿದ್ದ. ಬಂದರೆ ಸಂಜೆಯ ಬಸ್ಸಿನ ತನಕ ಕೂತು, ಯಾವ ಸಿನಿಮಾ ಬಂತು, ಯಾವ ಊರಿನ ಜನ ಎಲ್ಲಿ ಸೀಟಿ ಹೊಡೆದರು ಎಲ್ಲ ಹೇಳುತ್ತಿದ್ದ.

“ಸರಕಾರ ಕಾಯ್ದೆ ಬದಲ ಮಾಡೇತ್ರಿ,” ರಾಯಪ್ಪ ಕೊನೆಗೆ ಬಾಯಿ ಬಿಟ್ಟ. “ಲೈಸೆನ್ಸಿಗೆ ಇನ್ನ ಮ್ಯಾಟ್ರಿಕ್ ಬ್ಯಾಡಂತ. ಐದು ವರ್ಷ ಮಷೀನ್ ನಡಿಸಿದಂವಗ ಪರೀಕ್ಷಾಕ್ಕ ಕೂಡಸ್ತಾರಂತ.”

“ಚಲೋ ಆತಲ್ಲ.”

“ಲೈಸೆನ್ಸ್ ಇದ್ದ ಆಪರೇಟರ್ ಬರದು ಕೊಡಬೇಕಂತ್ರಿ. ಇಂವಾ ಇಷ್ಟು ವರ್ಷ ನಡಿಸ್ಯಾನ ಅಂತ.”

ಈರಯ್ಯನಿಗೆ ಸಮಾಧಾನವಾಯಿತು. “ಇಷ್ಟ ಹೌದಲ್ಲೋ. ನನ್ನ ಕೈಕೆಳಗ ಸಹಾಯಕ ಇದ್ದ ಅಂತ ಬರೀತೇನಿ.”

“ಸಹಾಯಕಗ ಆಗೂದಿಲ್ರಿ. ತಾನ ಸ್ವಂತ ನಡಿಸಿರಬೇಕು.”

ಓಣಿಯಲ್ಲಿ ಟಾಂಗಾವೊಂದು ಹೋಯಿತು. ಅದರ ಸದ್ದು ಚೌಕದ ಗದ್ದಲದಲ್ಲಿ ಕರಗಿತು. ರಾಯಪ್ಪ ಸ್ವಂತ ನಡೆಸಿದ್ದಾನೆಂದು ಬರೆದರೆ ತಾನು ಅಲ್ಲಿರಲಿಲ್ಲವೆಂದು ಬರೆದ ಹಾಗೆ. ಮರುದಿನವೇ ತನ್ನ ಲೈಸೆನ್ಸು ರದ್ದು. ಪಾಕೀಟು ಹೋದರೆ ಹೋಗಲಿ, ಒಂದು ಹೊಟ್ಟೆ ಹೇಗೋ ನಡೆದೀತು. ಈರಯ್ಯ ಅದನ್ನು ಯೋಚಿಸುತ್ತಿರಲಿಲ್ಲ. ಪಾಕೀಟಿಲ್ಲದೆ ಈ ಹುಡುಗ ಯಾಕೆ ಬಂದಾನು?

“ಹಿಂಗ ನಡೀಲಿ ಬಿಡೋ,” ಅಂದ. “ಯಾರಿಗೇನು ತ್ರಾಸ ಆಗೇತಿ?”

ರಾಯಪ್ಪ ತಲೆ ತಗ್ಗಿಸಿಯೇ ಹೇಳಿದ: “ಇನ್ಸ್‌ಪೆಕ್ಟರ್ ಲೈಸೆನ್ಸ್ ನೋಡಾಕ ಬಂದಾಗೊಮ್ಮೆ ನಾ ಈರಯ್ಯ ಆಗ್ತೇನ್ರಿ. ಒಂಬತ್ತು ವರ್ಷ ನಿಮ್ಮ ಹೆಸರಿಗೆ ಹ್ಞೂಂ ಅಂದೇನಿ. ಹೋದ ಸರತಿ ನನ್ನ ಮಗ ಡೇರೆದಾಗ ಇದ್ದ. ಮನಿಗೆ ಹೋಗಿ ಅವರವ್ವನ ಕೇಳ್ಯಾನ, ಅಪ್ಪನ ಖರೇ ಹೆಸರು ಯಾವುದು ಅಂತ.”

ಈರಯ್ಯ ಎದ್ದು, ಗೋಡೆಯ ಮೇಲೆ ಕೈಯಾಡಿಸುತ್ತಾ ಗೂಡಿನಲ್ಲಿದ್ದ ಪೆನ್ನು ತೆಗೆದ.

“ಕಾಗದ ತಂದೀಯಿಲ್ಲೋ?”

ರಾಯಪ್ಪ ಕಿಸೆಯಿಂದ ಮಡಚಿದ ಕಾಗದ ತೆಗೆದು ಟ್ರಂಕಿನ ಮೇಲೆ ಹರವಿದ. ಸಾಲು ಸೊಟ್ಟ ಹೋಗಬಾರದೆಂದು ತನ್ನ ತೋರುಬೆರಳನ್ನು ಅಡ್ಡ ಇಟ್ಟ. ಆ ಬೆರಳಿಗೆ ತಾಗಿಸಿಕೊಂಡು ಈರಯ್ಯ ದೊಡ್ಡ ದೊಡ್ಡ ಅಕ್ಷರಗಳಲ್ಲಿ ಬರೆದ. ಒಂಬತ್ತು ವರ್ಷಗಳಿಂದ ಮಷೀನನ್ನು ರಾಯಪ್ಪನೇ ನಡೆಸುತ್ತಿದ್ದಾನೆ. ನಾನು ಡೇರೆಗೆ ಹೋಗಿಲ್ಲ. ನನಗೆ ಕಣ್ಣು ಕಾಣುವುದಿಲ್ಲ. ಈ ಕೊನೆಯ ಮಾತನ್ನು ಅವನು ಇದುವರೆಗೆ ಯಾರ ಮುಂದೆಯೂ ಆಡಿರಲಿಲ್ಲ.

ಸಹಿ ಮಾಡಿದ ಮೇಲೆ ರಾಯಪ್ಪ ಕಾಲು ಮುಟ್ಟಲು ಬಗ್ಗಿದ. ಈರಯ್ಯ ಅವನ ಭುಜ ಹಿಡಿದು ತಡೆದ. “ಬಸ್ಸಿಗೆ ತಡಾ ಆಗ್ತದ, ನಡಿ.” ಬಸ್ಸಿಗೆ ಇನ್ನೂ ಮೂರು ತಾಸು ಇತ್ತು.

ಮುಂದೆ ಸರಕಾರದಿಂದ ಒಂದು ರಿಜಿಸ್ಟರ್ ಟಪಾಲು ಬಂತು. ಅದರಲ್ಲೇನಿದೆ ಎಂಬುದು ಈರಯ್ಯನಿಗೆ ಗೊತ್ತಿತ್ತು. ಯಾರಿಂದಲೂ ಓದಿಸಲಿಲ್ಲ.

ಎರಡು ತಿಂಗಳ ಮೇಲೆ ರಾಯಪ್ಪ ಬಂದ. ಪರೀಕ್ಷೆ ಪಾಸಾಗಿತ್ತು. ಗಾಜಿನ ಚೌಕಟ್ಟು ಹಾಕಿಸಿದ ಲೈಸೆನ್ಸನ್ನು ಉಸ್ತಾದನ ಕೈಯಲ್ಲಿಟ್ಟ. ಈರಯ್ಯ ಅದನ್ನು ಮುಖದ ಹತ್ತಿರ ಹಿಡಿದು ನೋಡಿ, ತಿರುಗಿ ಕೊಟ್ಟ.

“ಹೆಸರು ಓದು.”

“ರಾಯಪ್ಪ ತಂದೆ ಧೂಳಪ್ಪ, ವಾಸ ಕಳ್ಳಕವಟಗಿ.”

“ಇನ್ನೊಮ್ಮೆ ಓದು.”

ರಾಯಪ್ಪ ಓದಿದ. ಆಮೇಲೆ, ಸೊಲ್ಲಾಪುರದ ಥೇಟರಿನಲ್ಲಿ ಕೆಲಸ ಸಿಕ್ಕಿದೆಯೆಂದೂ, ಹೆಂಡತಿ ಮಾಳವ್ವ ಸಾಮಾನು ಕಟ್ಟುತ್ತಿದ್ದಾಳೆಂದೂ ಹೇಳಿದ. “ನೀವೂ ಬರ್ರಿ ಉಸ್ತಾದ್ರ, ಒಂದೆಂಟು ದಿನ ಇದ್ದು ಹೋಗೀರಂತ.”

“ಬರ್ತೇನ್ಲಾ,” ಅಂದ ಈರಯ್ಯ. ಅವನು ಹೋಗುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಮುಂದಿನ ತಿಂಗಳ ಮೊದಲ ಸೋಮವಾರ ಈರಯ್ಯ ನಸುಕಿನಲ್ಲೇ ಎದ್ದು ಕಸ ಗುಡಿಸಿದ, ಗಡ್ಡ ಹೆರೆದುಕೊಂಡ. ಮಧ್ಯಾಹ್ನದ ತನಕ ಬಾಗಿಲು ತೆರೆದೇ ಇತ್ತು. ಬಿಸಿಲು ಹೊಸ್ತಿಲು ದಾಟಿ ಹಾಸಿಗೆಯ ತನಕ ಬಂದಾಗ ಅಂಗಿ ತೊಟ್ಟು, ಪೇಟ ಸುತ್ತಿಕೊಂಡು ಹೊರಬಿದ್ದ.

“ಎಲ್ಲಿ ಹೊಂಟ್ರಿ ಈರಯ್ಯಾರ?” ಹಾಜಿರಾಬಿ ಕೇಳಿದಳು. “ಈಗ ನಳಾ ಬರ್ತಾವ.”

“ಬರ್ತೇನ್ವಾ, ಇಲ್ಲೇ.”

ಚೌಕದಾಚೆಯ ಥೇಟರಿನಲ್ಲಿ ಮ್ಯಾಟಿನಿ ಶುರುವಾಗಿತ್ತು. ಗೇಟಿನವನು ಮುಂದೆ ಸೀಟು ಖಾಲಿ ಇವೆಯೆಂದ. ಈರಯ್ಯ ಕೈಯಿಂದ ಕುರ್ಚಿಗಳನ್ನು ಸವರುತ್ತಾ ಕಟ್ಟಕಡೆಯ ಸಾಲಿಗೆ ಹೋದ. ಕ್ಯಾಬಿನ್ನಿನ ಕಿಂಡಿ ಅವನ ತಲೆಯ ಮೇಲೆಯೇ ಇತ್ತು. ದೂರದ ಪರದೆಯಲ್ಲಿ ಬೆಳ್ಳಗಿನದೇನೋ ಅಲುಗಾಡುತ್ತಿತ್ತು. ಜನ ನಕ್ಕರು, ಆಮೇಲೆ ಸುಮ್ಮನಾದರು. ಅವನು ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡು, ತಲೆಯನ್ನು ಹಿಂದಿನ ಗೋಡೆಗೆ ಆನಿಸಿದ. ಒಳಗಡೆ ಓಡುತ್ತಿದ್ದ ಮಷೀನಿನ ಸಣ್ಣ ನಡುಕ ಗೋಡೆಯಿಂದ ಇಳಿದು ಅವನ ಬುರುಡೆಗೆ ಬರುತ್ತಿತ್ತು. ಈರಯ್ಯ ಕಣ್ಣು ಮುಚ್ಚಿಕೊಂಡ.