ಎಡಗಡೆ ಸೀಟಿನ ಅಳತೆ

ಪೈಪು ಬಗ್ಗಿಸುವ ಮೊದಲು ಮನುಷ್ಯನನ್ನು ಕೂರಿಸಬೇಕು. ಗಾಡಿ ಮಗುಚಿದರೆ ಒಳಗಿನವರನ್ನು ಕಾಯುವ ಪೈಪಿನ ಪಂಜರ ಕಟ್ಟುವುದಕ್ಕೆ ಕಿಡಿಯ ಅಪ್ಪ ಹಾಕಿಕೊಟ್ಟ ಕಟ್ಟಳೆ ಇದು. ಗಾಡಿಯಲ್ಲಿ ಯಾರು ಹೋಗುತ್ತಾರೋ ಅವರೇ ಬಂದು, ಹೆಲ್ಮೆಟ್ ತೊಟ್ಟು, ಬೆಲ್ಟು ಬಿಗಿದು, ಕಣ್ಣು ಮುಚ್ಚಿ ಕೂರಬೇಕು. ಕಣ್ಣು ತೆರೆದಿದ್ದರೆ, ತಲೆಯ ಮೇಲೆ ಕಬ್ಬಿಣ ಕಂಡ ಮನುಷ್ಯ ತನಗೇ ಗೊತ್ತಿಲ್ಲದೆ ಕುಗ್ಗುತ್ತಾನೆ, ಅಳತೆ ಸುಳ್ಳಾಗುತ್ತದೆ. ಹೆಲ್ಮೆಟ್ಟಿಗೂ ಪೈಪಿಗೂ ನಡುವೆ ನಾಲ್ಕು ಬೆರಳು ಆಡಬೇಕು. ಅಪ್ಪ ಹೋದ ಮೇಲೆ ಶೆಡ್ಡು ಅವಳದಾಯಿತು, ಕಟ್ಟಳೆಯೂ ಅವಳದಾಯಿತು. ಕೂಸಾಗಿದ್ದಾಗ ಬೆಸುಗೆಯ ಕಿಡಿ ಹಾರಿದರೆ ಅಳುವ ಬದಲು ಕೈ ಚಾಚುತ್ತಿದ್ದಳಂತೆ. ಅದಕ್ಕೇ ಆ ಹೆಸರು. ನಿಜವಾದ ಹೆಸರಿನಿಂದ ಈಗ ಯಾರೂ ಕರೆಯುವುದಿಲ್ಲ.

ಆ ಬೆಳಗ್ಗೆ ಭಾವ ತಂದು ನಿಲ್ಲಿಸಿದ ಗಾಡಿಗೆ ಬಾಗಿಲೂ ಇರಲಿಲ್ಲ, ಮಾಡೂ ಇರಲಿಲ್ಲ. ಕಲ್ಲು, ಹಳ್ಳ, ದಿಬ್ಬಗಳ ಮೇಲೆ ಗಾಡಿ ಹತ್ತಿಸುವ ಪಂದ್ಯಗಳ ಹುಚ್ಚು ಅವನಿಗೆ. ವಾರವೆಲ್ಲ ವಿಮಾ ಕಚೇರಿಯಲ್ಲಿ ಕೂತು ಬೇರೆಯವರ ಅಪಘಾತ ನೋಡುತ್ತಾನೆ, ರಜೆ ಬಂದರೆ ತನ್ನದೇ ಒಂದನ್ನು ಹುಡುಕಿಕೊಂಡು ಹೊರಡುತ್ತಾನೆ ಎಂದು ಅಕ್ಕ ಬಂದವರೆದುರೆಲ್ಲ ಹೇಳಿ ನಗುತ್ತಿದ್ದಳು.

ಹಿಂದಿನ ಗಾಡಿಯಲ್ಲಿ ಎಡಗಡೆ ಸೀಟು ಕಿಡಿಯದಾಗಿತ್ತು. ದಾರಿ ಹೇಳುವವಳು ಅವಳು, ಓಡಿಸುವವನು ಅವನು. ಒಮ್ಮೆ ಇಳಿಜಾರಿನಲ್ಲಿ ಗಾಡಿ ಮಗುಚಿತು, ಸಾಲದೆಂಬಂತೆ ಇನ್ನೊಮ್ಮೆ ಮಗುಚಿತು. ಅಪ್ಪ ಕಟ್ಟಿದ ಪಂಜರದ ಪುಣ್ಯ, ಇಬ್ಬರೂ ಬೆಲ್ಟಿನಲ್ಲಿ ಬಾವಲಿಗಳ ಹಾಗೆ ತಲೆಕೆಳಗಾಗಿ ನೇತಾಡುತ್ತ ಬಿದ್ದುಬಿದ್ದು ನಕ್ಕಿದ್ದರು. ಗಾಡಿ ಗುಜರಿಗೆ ಹೋಯಿತು. ಆಮೇಲೆ ಭಾವ ಅವರಿವರ ಗಾಡಿ ಓಡಿಸಿದ, ಅವರಿವರನ್ನು ಪಕ್ಕದಲ್ಲಿ ಕೂರಿಸಿಕೊಂಡ. ಇವಳನ್ನು ಮಾತ್ರ ಕರೆಯಲಿಲ್ಲ. ಕರೆಯಲಿ ಎಂದು ಇವಳು ಕಾದಳು. ತಾನಾಗಿ ಬಾಯಿಬಿಟ್ಟು ಕೇಳುವುದು ಅವಳ ಜಾಯಮಾನವಲ್ಲ. ಪ್ರತಿ ಪಂದ್ಯದ ಹಿಂದಿನ ವಾರ ಫೋನು ಸದ್ದು ಮಾಡಿದರೆ ಕೈ ಒರೆಸಿಕೊಳ್ಳದೆ ಓಡುತ್ತಿದ್ದಳು, ಅಷ್ಟೇ.

ಈಗ ಸ್ವಂತ ಗಾಡಿ ಬಂದಿದೆ. ಅದಕ್ಕೆ ಪಂಜರ ಕಟ್ಟಲು ತನ್ನ ಬಳಿಗೇ ತಂದಿದ್ದಾನೆ. ಅವಳ ಎದೆ ಹಗುರಾಯಿತು. ಅದನ್ನು ಅರಿತವನಂತೆ ಭಾವ ಟೈರನ್ನು ನೋಡುತ್ತ ಹೇಳಿದ.

"ಎಡಗಡೆಗೆ ಆಫೀಸಿನ ಗೆಳೆಯನೊಬ್ಬ ಬರ್ತಾನೆ. ಎಲ್ಲರೂ ಬೀರು ಅಂತಾರೆ. ನೋಡಿದ್ರೆ ಯಾಕೆ ಅಂತ ನಿನಗೇ ತಿಳಿಯತ್ತೆ."

ಅವಳು ಹೂಂ ಎಂದಳು. ಹೂಂ ಎನ್ನುವುದರಲ್ಲಿ ಅವಳು ಮೊದಲಿಂದಲೂ ಗಟ್ಟಿಗಿತ್ತಿ.

ಭಾವನನ್ನು ಕಟ್ಟಳೆ ಪ್ರಕಾರ ಕೂರಿಸಿ ಅಳೆದಾಯಿತು. ಬೀರು ಊರಲ್ಲಿರಲಿಲ್ಲ. ತಾನೇ ಎಡಗಡೆ ಕೂತು ಅಳೆದುಕೊಂಡು, ಮೇಲೊಂದು ಗೇಣು ಸೇರಿಸಿದರೆ ಸರಿಹೋಗುತ್ತದೆ ಎಂದುಕೊಂಡಳು. ಭಾವ ಹೋದ ಮೇಲೆ ಹೆಲ್ಮೆಟ್ ತೊಟ್ಟು, ಬೆಲ್ಟು ಬಿಗಿದು, ಕಣ್ಣು ಮುಚ್ಚಿದಳು. ಮೈ ತಾನಾಗಿ ಮುಂದಕ್ಕೆ ಜರುಗಿತು. ಕೆಳಗಿನ ಕಲ್ಲು ಕಾಣಬೇಕೆಂದು ಮುಂದೆ ಬಾಗಿ ಕೂರುವುದು ಅವಳ ಹಳೆಯ ಅಭ್ಯಾಸ. ಎಂಜಿನ್ ತಣ್ಣಗಿತ್ತು, ಆದರೂ ತೊಡೆಗಳು ಏನನ್ನೋ ಎದುರು ನೋಡುತ್ತ ಬಿಗಿಯಾದವು. ಪಕ್ಕದ ಸೀಟಿನಲ್ಲಿ ಯಾರೂ ಇಲ್ಲ ಎಂಬುದು ಕಣ್ಣು ಮುಚ್ಚಿದಷ್ಟು ಹೊತ್ತೂ ಸುಳ್ಳಾಗಿತ್ತು. ಕೊನೆಗೆ ಕೈ ಮೇಲೆತ್ತಿ ಸೀಮೆಸುಣ್ಣದಲ್ಲಿ ಗುರುತು ಹಾಕಿದಳು.

ಮರುದಿನದಿಂದ ಕೆಲಸ ಓಡಿತು. ಸೀಟುಗಳ ಹಿಂದೆ ದೊಡ್ಡ ಕಮಾನು ಎದ್ದಿತು. ಅದರ ಕಾಲುಗಳನ್ನು ಮೈತಗಡಿಗಲ್ಲ, ಕೆಳಗಿನ ಗಟ್ಟಿ ಚೌಕಟ್ಟಿಗೆ, ಚಾಸಿಗೇ, ದಪ್ಪ ಪಟ್ಟಿ ಕೊಟ್ಟು ಬೆಸೆದಳು. ತಗಡಿನ ಮೇಲೆ ಕಾಲೂರಿದ ಪಂಜರ ಚಾಪೆಯ ಮೇಲೆ ನಿಲ್ಲಿಸಿದ ಕಂಬ ಎಂದು ಅಪ್ಪ ಬೈಯುತ್ತಿದ್ದ. ಒಂದು ಪೈಪು ಇನ್ನೊಂದನ್ನು ಕೂಡುವ ಕಡೆ ಅದರ ತುದಿಯನ್ನು ಮೀನಿನ ಬಾಯಿಯಂತೆ ಕೊರೆದು, ಕೂದಲೂ ತೂರದ ಹಾಗೆ ಕಚ್ಚಿಸಿದಳು. ಕಮಾನಿನಿಂದ ಮುಂದಿನ ಗಾಜಿನವರೆಗೆ ತಲೆಯ ಮೇಲೆ ಹಾಯುವ ಪೈಪುಗಳು ಎರಡು. ಬಲಗಡೆಯದು ನೆಟ್ಟಗೆ ಬಂದು ಆಮೇಲೆ ಇಳಿಯಿತು. ಎಡಗಡೆಯದು ಬೇಗ ಬಾಗಿ, ತಗ್ಗಾಗಿ ಬಂತು. ತಗ್ಗಿದ್ದಷ್ಟೂ ಭಾರ ಕೆಳಗಿರುತ್ತದೆ, ಒಳ್ಳೆಯದೇ ಎಂದು ತನಗೆ ತಾನೇ ಸಮಜಾಯಿಷಿ ಕೊಟ್ಟುಕೊಂಡಳು. ಆ ಒಂದು ಗೇಣು ಸೇರಿಸಲು ಮರೆತಳೋ, ನೆನಪಿದ್ದೂ ಕೈ ಬರಲಿಲ್ಲವೋ, ಕೇಳಿದ್ದರೆ ಅವಳಿಗೂ ಹೇಳಲಾಗುತ್ತಿರಲಿಲ್ಲ. ಭಾವ ನಡುವೆ ಒಮ್ಮೆ ಬಂದು ಎಡಗಡೆ ಪೈಪಿನ ಬಾಗಿನ ಮೇಲೆ ಅಂಗೈ ಇಟ್ಟು ಸುಮಾರು ಹೊತ್ತು ನಿಂತಿದ್ದ. ಆಮೇಲೆ ಕೈ ಒರೆಸಿಕೊಂಡು ಹೋದ.

ಎಲ್ಲ ಬೆಸುಗೆ ಮುಗಿದ ದಿನ ಬೀರು ಬಂದ. ಬಾಗಿಲಿಗೆ ಅಡ್ಡ ನಿಂತದ್ದೇ ಶೆಡ್ಡಿನ ಬೆಳಕು ಅರ್ಧವಾಯಿತು. ಜೊತೆಗೆ ಭಾವ, ಹಿಂದೆ ಊಟದ ಡಬ್ಬಿ ಹಿಡಿದ ಅಕ್ಕ. ಬೀರು ಒಳ್ಳೆಯ ಮನುಷ್ಯ. ಸೀಟಿಗೆ ಹತ್ತುವಾಗ ಗಾಡಿಯ ಕ್ಷಮೆ ಕೇಳಿದ. ಬೆಲ್ಟು ಬಿಗಿದು ಬೆನ್ನು ನೇರ ಮಾಡಿದ್ದೇ, ಹೆಲ್ಮೆಟ್ಟು ಪೈಪಿಗೆ ಬಡಿದು ಗಂಟೆ ಹೊಡೆದ ಸದ್ದಾಯಿತು.

"ಇದು ನನಗೆ ಕಟ್ಟಿದ್ದಲ್ಲ ಬಿಡಿ," ಎಂದ ಬೀರು, ಕತ್ತು ಓರೆ ಮಾಡಿಕೊಂಡೇ. "ನನ್ನ ತಲೆ ಮನೇಲಿಟ್ಟು ಬಂದ್ರೆ ಸರಿಹೋಗುತ್ತೆ."

ಗಂಡಸರಿಬ್ಬರೂ ನಕ್ಕರು, ಭಾವನ ನಗು ಬೇಗ ನಿಂತಿತು. ಕಿಡಿ ಗ್ಲೌಸು ಬಿಚ್ಚುತ್ತ, ಅಳತೆ ತಪ್ಪಿದೆ, ನೋಡುತ್ತೇನೆ ಎಂದಳು. ಅಪ್ಪನ ಮಗಳು ಅಳತೆ ತಪ್ಪುವುದೆಂದರೇನೆಂದು ಅಕ್ಕನಿಗೆ ಗೊತ್ತು. ಅವಳು ಪೈಪನ್ನು ನೋಡಿದಳು, ತಂಗಿಯನ್ನು ನೋಡಿದಳು, ಮೂಲೆಯ ಅಂಗಡಿಯಲ್ಲಿ ಚಹಾ ಕುಡಿದು ಬನ್ನಿ ಎಂದು ಗಂಡಸರನ್ನು ಹೊರಗಟ್ಟಿದಳು.

ಆಮೇಲೆ ಡಬ್ಬಿ ಕೆಳಗಿಟ್ಟು, ಸೀರೆ ಎತ್ತಿ ಸಿಕ್ಕಿಸಿಕೊಂಡು, ತಾನೇ ಆ ಸೀಟಿಗೆ ಹತ್ತಿ ಕೂತಳು. ಅಕ್ಕತಂಗಿಯರದು ಒಂದೇ ಎತ್ತರ. ಚಿಕ್ಕಂದಿನಿಂದ ಒಬ್ಬಳ ಬಟ್ಟೆ ಇನ್ನೊಬ್ಬಳಿಗೆ. ಅಕ್ಕ ನೆತ್ತಿಯ ಮೇಲೆ ಕೈ ಹಾಯಿಸಿ ಪೈಪನ್ನು ಮುಟ್ಟಿದಳು.

"ಅವರಿಗೆ ಹೇಳಿದ್ದು ನಾನೇ ಕಣೇ. ಇವಳನ್ನ ಇನ್ನು ಕರೀಬೇಡಿ ಅಂತ."

ಕಿಡಿಯ ಕೈಯಲ್ಲಿದ್ದ ಗ್ಲೌಸು ಕೈಯಲ್ಲೇ ಉಳಿಯಿತು. "ನನಗೇ ಹೇಳಬಹುದಿತ್ತಲ್ಲ."

"ಹೇಳಿದ್ರೆ ನೀನು ಬಿಟ್ಟುಬಿಡ್ತಿದ್ದೆ. ಬಿಟ್ಟು, ಜೀವಮಾನ ಎಲ್ಲ ನನ್ನ ಮುಖ ನೋಡ್ಕೊಂಡು ಕೂರ್ತಿದ್ದೆ. ಅದಕ್ಕಿಂತ ಅವರ ಮೇಲೆ ಸಿಟ್ಟಾಗಿರ್ಲಿ ಅಂದ್ಕೊಂಡೆ."

ಆ ದಿನ ಗಾಡಿ ಉರುಳಿದಾಗ ಅಕ್ಕ ದಿಬ್ಬದ ಮೇಲಿದ್ದಳು. ಕೆಳಗೆ ಓಡಿ ಬಂದಳಂತೆ. ಗಾಡಿ ಹತ್ತಿರ ಬಂದದ್ದೇ ಕಾಲು ನಿಂತುಹೋಯಿತಂತೆ.

"ಯಾವ ಕಡೆ ಮೊದಲು ಹೋಗ್ಬೇಕು ಅಂತ ತಿಳೀಲಿಲ್ಲ. ಬಲಗಡೆಗೋ, ಎಡಗಡೆಗೋ. ಅಷ್ಟರಲ್ಲಿ ನೀವಿಬ್ಬರೂ ಒಳಗೆ ನಗೋದು ಕೇಳಿಸ್ತು. ನೀವು ಎದ್ದು ಬಂದ್ರಿ. ನಾನು ಇನ್ನೂ ಅಲ್ಲೇ ನಿಂತಿದೀನಿ."

ಕಿಡಿ ಪಂಜರದ ಕಾಲಿಗೆ ಒರಗಿದಳು. ಇಷ್ಟು ಕಾಲ ಮನಸ್ಸಿನಲ್ಲೇ ಭಾವನೊಂದಿಗೆ ಜಗಳವಾಡಿದ್ದಳು, ರಾಜಿಯಾಗಿದ್ದಳು, ಮತ್ತೆ ಜಗಳವಾಡಿದ್ದಳು. ಆ ಜಗಳಕ್ಕೆ ಈಗ ವಾರಸುದಾರರೇ ಇರಲಿಲ್ಲ. ಆಸೆ ಮಾತ್ರ ಇದ್ದಲ್ಲೇ ಇತ್ತು, ಹಸಿದ ಹೊಟ್ಟೆಯಂತೆ, ಕಾರಣ ತಿಳಿದರೆ ಕಡಿಮೆಯಾಗುವಂಥದ್ದಲ್ಲ.

ಅಕ್ಕ ಕೆಳಗಿಳಿದಳು. "ನಿನಗೆ ಹೋಗ್ಬೇಕಿದ್ರೆ ಹೋಗು. ಅವರಿಗೆ ನಾನೇ ಹೇಳ್ತೀನಿ. ನಾನು ನೋಡೋಕೆ ಬರಲ್ಲ, ಅಷ್ಟೆ."

ಹೂಂ ಎನ್ನಬೇಕಿತ್ತು. ಒಂದೇ ಅಕ್ಷರ. ಕಿಡಿ ಎಡಗಡೆ ಸೀಟಿನ ಕಡೆ ತಿರುಗಿದಳು. ಅಕ್ಕ ಕೂತಿದ್ದ ಜಾಗ ಇನ್ನೂ ತಗ್ಗಾಗಿತ್ತು, ಸ್ಪಂಜು ನಿಧಾನವಾಗಿ ಮೇಲೇಳುತ್ತಿತ್ತು. ಅದು ಪೂರ್ತಿ ಏಳುವವರೆಗೆ ನೋಡಿದಳು. ಆಮೇಲೆ ಹೋಗಿ ಕತ್ತರಿಸುವ ಯಂತ್ರದ ಪ್ಲಗ್ಗು ಹಾಕಿದಳು.

"ತೇಪೆ ಹಾಕಿದ್ರೆ ನಡೆಯಲ್ವಾ?" ಎಂದಳು ಅಕ್ಕ.

"ಪಂಜರಕ್ಕೆ ತೇಪೆ ಇಲ್ಲ. ಇಡೀ ಪೈಪು ತೆಗೀಬೇಕು. ಬೀರು ಅಳತೆಗೆ ಹೊಸದು ಬಗ್ಗಿಸ್ತೀನಿ." ಕನ್ನಡಕವನ್ನೂ ಗ್ಲೌಸನ್ನೂ ಅಕ್ಕನಿಗೆ ಕೊಟ್ಟು ತಾನು ಬೇರೆಯದು ತೊಟ್ಟಳು. "ನಡುವೆ ಹಿಡ್ಕೋ. ತುಂಡಾದಾಗ ಬೀಳಬಾರದು."

ಈ ದಿನದವರೆಗೆ ಈ ಶೆಡ್ಡಿನಲ್ಲಿ ಊಟದ ಡಬ್ಬಿ ಬಿಟ್ಟು ಬೇರೇನನ್ನೂ ಮುಟ್ಟದಿದ್ದ ಅಕ್ಕ ಪೈಪನ್ನು ಎರಡೂ ಕೈಯಲ್ಲಿ ಹಿಡಿದಳು. ಯಂತ್ರದ ತಿರುಗುವ ಚಕ್ರ ಕಮಾನಿನ ಕಡೆಯ ಬೆಸುಗೆಗೆ ತಾಕಿತು. ಕಬ್ಬಿಣ ಕಿರುಚಿತು. ಅಕ್ಕ ಕಣ್ಣು ಬಿಗಿಯಾಗಿ ಮುಚ್ಚಿದಳು, ಕೈ ಬಿಡಲಿಲ್ಲ. ನಂತರ ಗಾಜಿನ ಕಡೆಯ ತುದಿ. ಭಾರವೆಲ್ಲ ಒಮ್ಮೆಲೇ ಅಕ್ಕನ ತೋಳಿಗಿಳಿದು ಅವಳು ಒಂದು ಹೆಜ್ಜೆ ತೂರಾಡಿದಳು.

ಸದ್ದು ನಿಂತಿತು. ಎಡಗಡೆ ಸೀಟಿನ ಮೇಲೆ ಈಗ ಏನೂ ಇರಲಿಲ್ಲ.

"ಇದನ್ನ ಎಲ್ಲಿಡ್ಲಿ?" ಎಂದು ಕೇಳಿದಳು ಅಕ್ಕ, ಬಾಗಿದ ಪೈಪನ್ನು ಎದೆಗವಚಿಕೊಂಡು.

ಕಿಡಿ ಕನ್ನಡಕ ತೆಗೆಯಲಿಲ್ಲ. "ಸ್ವಲ್ಪ ಹೊತ್ತು ಹಿಡ್ಕೊಂಡಿರು," ಎಂದಳು.